ಬೇಬಿ ಕಾರಿನ ಸ್ಟಿಯರಿಂಗು, ಅಣ್ಣನ ಬಲಗೈ

ಮೂವತ್ತೈದು ವರ್ಷ ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತು ಸಂಬಳ ತೆಗೆದುಕೊಂಡವನು ನಾನು. ಅಷ್ಟು ವರ್ಷಗಳಲ್ಲಿ ಯಾರೂ ಹೇಳಿಕೊಡದೆ, ಪೂರ್ತಿ ನನ್ನ ತಲೆಯಿಂದಲೇ ಹುಟ್ಟಿದ ಯಂತ್ರ ಒಂದೇ ಒಂದು. ಅದು ಒಂದು ಹಳೆಯ ಬೇಬಿ ಕಾರಿಗೆ ಪವರ್ ಸ್ಟಿಯರಿಂಗ್ ಕೂಡಿಸುವ ಏರ್ಪಾಡು. ದೇವರು ದೊಡ್ಡವನು, ಅದನ್ನು ಯಾರೂ ಕಟ್ಟಲಿಲ್ಲ. ಆದರೆ ಕಟ್ಟದೆಯೇ ಅದು ಮಾಡಬಹುದಾದ ಹಾನಿಯನ್ನೆಲ್ಲ ಮಾಡಿ ಹೋಯಿತು. ಈಗಲಾದರೂ ಬರೆದಿಡುತ್ತೇನೆ. ಆ ಕಾರಿನ ಮಾಲೀಕರು ಸಾಯುವ ತನಕ ಈ ವಿಷಯವನ್ನು ಇನ್ನೊಬ್ಬರ ಕಿವಿಗೆ ಹಾಕಲಿಲ್ಲ, ನಾನೂ ಬಾಯಿ ಮುಚ್ಚಿಕೊಂಡಿದ್ದೆ.

ಐವತ್ತರ ದಶಕದ ನಡು ಅದು. ರೇಷನ್ ಅಕ್ಕಿಯ ಕಾಟ ಮುಗಿದು ಹೋಟೆಲಿನವರು ಮತ್ತೆ ಧಾರಾಳವಾಗಿ ಇಡ್ಲಿ ಬೇಯಿಸತೊಡಗಿದ್ದ ಕಾಲ. ನಾನು ಬೆಂಗಳೂರಿನಲ್ಲಿ ಡಿಪ್ಲೊಮಾ ಮುಗಿಸಿ ವಿಕ್ರೋಳಿಯ ಹೊಸ ಕಾರ್ಖಾನೆಯೊಂದರಲ್ಲಿ ನಕ್ಷೆ ಎಳೆಯುವ ಡ್ರಾಫ್ಟ್ಸ್‌ಮನ್ ಕೆಲಸ ಹಿಡಿದಿದ್ದೆ. ಕೆಲಸ ವಿಕ್ರೋಳಿಯಲ್ಲಿ, ವಾಸ ಗ್ರಾಂಟ್ ರೋಡಿನಲ್ಲಿ. ಎಲ್ಲಿಂದೆಲ್ಲಿಗೆ ಎಂದು ಮುಂಬಯಿ ಬಲ್ಲವರು ನಗಬಹುದು. ಆದರೆ ಕೋಣೆ ಸಿಕ್ಕಿದ್ದು ಅಲ್ಲಿ, ಒಂದು ಉಡುಪಿ ಹೋಟೆಲಿನ ಮಾಳಿಗೆಯಲ್ಲಿ. ಕೋಣೆ ಸಿಕ್ಕಿದವನು ಆ ಊರಿನಲ್ಲಿ ದೂರ ಹತ್ತಿರ ನೋಡುತ್ತಿರಲಿಲ್ಲ.

ಹೋಟೆಲಿನ ಮಾಲೀಕರಿಗೆ ಆಗ ಐವತ್ತರ ಹತ್ತಿರ ವಯಸ್ಸು. ಉಡುಪಿ ಕಡೆಯವರು. ಕೆಲಸದವರು ಅವರನ್ನು ಧಣಿ ಎನ್ನುತ್ತಿದ್ದರು, ಗಿರಾಕಿಗಳು ಅಣ್ಣ. ನಾನೂ ಅಣ್ಣ ಎಂದೇ ಕರೆದೆ. ಅವರು ನನ್ನನ್ನು 'ರಾಯ್ರೆ' ಎಂದು ಕರೆದರು, ಇಪ್ಪತ್ತಮೂರು ವರ್ಷದ ಹುಡುಗನನ್ನು. ಬಂದವರಿಗೆಲ್ಲ 'ಇವರು ನಮ್ಮ ಇಂಜಿನಿಯರ್ ರಾಯರು' ಎಂದು ಪರಿಚಯ ಹೇಳುತ್ತಿದ್ದರು. ಡ್ರಾಫ್ಟ್ಸ್‌ಮನ್ ಬೇರೆ, ಇಂಜಿನಿಯರ್ ಬೇರೆ ಎಂದು ನಾನು ಒಂದು ದಿನವೂ ತಿದ್ದಲಿಲ್ಲ. ಕೇಳಲು ಹಿತವಾಗಿತ್ತು.

ಅಣ್ಣನ ಬಲಗೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಮುಂಬಯಿಗೆ ಬಂದ ಮೊದಲ ಹದಿನೈದು ವರ್ಷ ಅವರು ಬೇರೆಯವರ ಹೋಟೆಲುಗಳಲ್ಲಿ ಹಿಟ್ಟು ರುಬ್ಬಿದವರು. ಹೋಟೆಲಿನ ರುಬ್ಬುವ ಕಲ್ಲು ಮನೆಯದರಂತಲ್ಲ. ಅದರ ಗುಂಡನ್ನು ಎತ್ತಿಡಲು ಇಬ್ಬರು ಬೇಕು, ತಿರುಗಿಸಲು ಮಾತ್ರ ಒಬ್ಬನೇ. ಉದ್ದು, ಅಕ್ಕಿ ಎಂದು ದಿನಕ್ಕೆ ಆರೇಳು ಗಂಟೆ ಅದನ್ನು ತಿರುಗಿಸಿ ಭುಜದ ಕೀಲು ಸವೆದುಹೋಗಿತ್ತು. ಎಡಗೈಯಲ್ಲಿ ತಲೆ ಬಾಚುತ್ತಿದ್ದರು. ದೇವರಿಗೆ ಎದೆಯ ಮಟ್ಟದಲ್ಲೇ ಕೈ ಮುಗಿಯುತ್ತಿದ್ದರು. 'ಮೇಲೆ ಹೋಗುದಿಲ್ಲ ಅಂತ ದೇವರಿಗೆ ಗೊತ್ತುಂಟು' ಎನ್ನುತ್ತಿದ್ದರು.

ಕಾರು ಅವರ ಕೈಗೆ ಬಂದದ್ದು ವಯಸ್ಸು ನಲವತ್ತೈದು ದಾಟಿದ ಮೇಲೆ. ಯುದ್ಧಕ್ಕೆ ಮುಂಚಿನ ಪುಟ್ಟ ಇಂಗ್ಲಿಷ್ ಬೇಬಿ ಕಾರು. ಯಾವನೋ ದೊರೆ ಸ್ವದೇಶಕ್ಕೆ ಹೋಗುವಾಗ ಬಿಟ್ಟುಹೋದದ್ದು ಮೂರನೆಯ ಕೈ ದಾಟಿ ಇವರಿಗೆ ಸಿಕ್ಕಿತ್ತು. ಡ್ರೈವಿಂಗ್ ಕಲಿತರು. ಎಷ್ಟು ಕಲಿತರೂ ಅವರು ಕಾರು ನಡೆಸುತ್ತಿದ್ದದ್ದು ಹಿಟ್ಟು ರುಬ್ಬುವ ರೀತಿಯಲ್ಲೇ: ಬಲ ಅಂಗೈಯನ್ನು ಸ್ಟಿಯರಿಂಗಿನ ಬಳೆಯ ಮೇಲೆ ಒತ್ತಿಟ್ಟು, ಬೆನ್ನು ಸ್ವಲ್ಪ ಮುಂದೆ ಬಾಗಿಸಿ, ಗುಂಡು ತಿರುಗಿಸಿದ ಹಾಗೆ ತಿರುಗಿಸುವುದು. ನಾನು ಒಮ್ಮೆ ನಕ್ಕೆ. ಅವರು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು:

"ಕಡೆಯುವ ಕಲ್ಲಿನ ಹಾಗೇ ರಾಯ್ರೆ ಇದು. ಆದ್ರೆ ಅದು ಹದಿನೈದು ವರ್ಷ ತಿರುಗಿಸಿದ್ರೂ ಇದ್ದಲ್ಲೇ ಇತ್ತು. ಇದು ಮುಂದೆ ಹೋಗ್ತದೆ."

ಆ ಕಾರು ಅವರಿಗೆ ಏನಾಗಿತ್ತು ಎಂದು ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ಕಾರಿಗೆ ಕೆಲಸವೂ ಇತ್ತು. ನಮ್ಮ ಕಾರ್ಖಾನೆಯಲ್ಲಿ ಕ್ಯಾಂಟೀನ್ ಇನ್ನೂ ಕಟ್ಟಿರಲಿಲ್ಲ. ಎಂಟಕ್ಕೆ ಕೆಲಸ ಶುರು. ಬೊರಿವಲಿಯಿಂದ, ಅದಕ್ಕೂ ಆಚೆಯಿಂದ ಲೋಕಲ್ ಹಿಡಿದು ಬರುವವರು ಐದೂವರೆಗೇ ಮನೆ ಬಿಟ್ಟಿರುತ್ತಿದ್ದರು, ಖಾಲಿ ಹೊಟ್ಟೆಯಲ್ಲಿ. ಆಫೀಸಿನ ನಲವತ್ತು ಜನಕ್ಕೆ ಬೆಳಗಿನ ಇಡ್ಲಿ ಸಾಂಬಾರ್ ತಂದುಕೊಡುವ ಕೆಲಸ ಅಣ್ಣನಿಗೆ ಸಿಕ್ಕಿತು. ಮಾತಾಡಿ ಕುದುರಿಸಿದವನು ನಾನೇ, ಹಾಗಾಗಿ ನನಗೂ ಕಾರಿನಲ್ಲಿ ಜಾಗ ಸಿಕ್ಕಿತು. ಹಿಂದಿನ ಸೀಟಿನಲ್ಲಿ ಇಡ್ಲಿಯ ಡಬ್ಬಗಳು, ಚಟ್ನಿ. ಮುಂದಿನ ಸೀಟಿನಲ್ಲಿ ನಾನು, ನನ್ನ ಎರಡು ಮೊಣಕಾಲುಗಳ ನಡುವೆ ಸಾಂಬಾರಿನ ಕೊಳಗ. ಕೊಳಗ ಎಂದರೆ ಎರಡು ಕಡೆ ಹಿಡಿಕೆ ಇದ್ದ ದೊಡ್ಡ ತಾಮ್ರದ ಪಾತ್ರೆ. ಬಾಯಿಗೆ ಬಟ್ಟೆ ಬಿಗಿದು ಮೇಲೆ ಮುಚ್ಚಳ. ಆರೂಕಾಲಿಗೆ ಹೊರಟರೆ ಭಾಯಖಳಾ, ದಾದರ್, ಸಯನ್, ಕುರ್ಲಾ ದಾಟಿ ಏಳೂವರೆಗೆ ವಿಕ್ರೋಳಿ.

ಬಟ್ಟೆ ಬಿಗಿದರೂ ಸಾಂಬಾರ್ ಚೆಲ್ಲುತ್ತಿತ್ತು. ದಾದರ್ ತನಕ ಟ್ರ್ಯಾಮ್ ಹಳಿ, ಕಲ್ಲು ಹಾಸಿದ ರಸ್ತೆ. ಗಾಲಿ ಹಳಿ ದಾಟಿದಾಗೆಲ್ಲ ಬಟ್ಟೆಯ ಅಂಚಿನಿಂದ ಒಂದೊಂದು ಸೌಟು ನನ್ನ ಪ್ಯಾಂಟಿನ ಮೇಲೆ. ನನಗಿದ್ದದ್ದು ಮೂರು ಪ್ಯಾಂಟು, ಮೂರೂ ಬಿಳಿಯವು. ನಮ್ಮ ಹೆಡ್ ಡ್ರಾಫ್ಟ್ಸ್‌ಮನ್ ಒಬ್ಬ ಮಹಾನುಭಾವ ಇದ್ದ. ನಾನು ಒಳಗೆ ಬಂದೊಡನೆ ನನ್ನ ಮೊಣಕಾಲು ನೋಡಿ 'ಇವತ್ತು ಕುಂಬಳಕಾಯಿ' ಎಂದೋ 'ಇವತ್ತು ಬೆಂಡೆಕಾಯಿ' ಎಂದೋ ಇಡೀ ಹಾಲಿಗೆ ಕೇಳುವಂತೆ ಹೇಳುತ್ತಿದ್ದ. ಎಲ್ಲರೂ ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಅಣ್ಣ ರಾತ್ರಿ ಕಾರು ನಿಲ್ಲಿಸುತ್ತಿದ್ದದ್ದು ಹೋಟೆಲಿನ ಎದುರು ಸಾಲಿನ ಪೆಟ್ರೋಲ್ ಪಂಪಿನಲ್ಲಿ. ಅಲ್ಲಿ ಕೆಲಸಕ್ಕಿದ್ದ ಉತ್ತರದ ಕಡೆಯ ಭಯ್ಯಾ ಭಾನುವಾರ ಕಾರು ತೊಳೆದು, ನಾಲ್ಕೂ ಗಾಲಿಗೆ ಗಾಳಿ ತುಂಬುತ್ತಿದ್ದ. ಒಂದು ಭಾನುವಾರ ನಾನು ಹೋಗಿ ಅವನಿಗೆ ಹೇಳಿದೆ: ಮುಂದಿನ ಎರಡು ಗಾಲಿಯ ಗಾಳಿ ಇಳಿಸು, ಮೆತ್ತಗಿರಲಿ, ಇನ್ನು ಮೇಲೆ ಅವಕ್ಕೆ ತುಂಬಬೇಡ. ಮೆತ್ತಗಿನ ಗಾಲಿಯಾದರೆ ಕುಲುಕು ಕಡಿಮೆ, ಇದು ನನ್ನ ವಿದ್ಯೆ. ಭಯ್ಯಾ ಪಿಸ್ಸೆಂದು ಗಾಳಿ ಬಿಟ್ಟ. ಮರುದಿನ ಸಾಂಬಾರ್ ಚೆಲ್ಲಲಿಲ್ಲ. ಅಣ್ಣನಿಗೆ ಹೇಳಬೇಕೆಂದು ನನಗೆ ತೋಚಲೂ ಇಲ್ಲ. ಕಾರಿನ ವಿಷಯದಲ್ಲಿ ಅವರಿಗೆ ಗೊತ್ತಿದ್ದದ್ದು ಪೆಟ್ರೋಲು, ನೀರು, ಹಾರ್ನು, ಮೂರೇ. ಓದುವವರು ಈ ಗಾಳಿಯ ಮಾತನ್ನು ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ. ಪ್ಯಾಂಟು ಬೆಳ್ಳಗಾದದ್ದೇ ಮರೆತೆ.

ಹಳೆಯ ಟ್ಯೂಬುಗಳು. ತುಂಬದೆ ಬಿಟ್ಟರೆ ತಾವಾಗಿಯೇ ಇಳಿಯುತ್ತ ಹೋಗುತ್ತವೆ. ಒಂದು ತಿಂಗಳು ಕಳೆಯುವುದರೊಳಗೆ ಅಣ್ಣ ತಿರುವುಗಳಲ್ಲಿ ಉಸಿರು ಹಿಡಿಯತೊಡಗಿದರು. ಸಯನ್ನಿನ ತಿರುವಿನಲ್ಲಿ ಬಲಗೈ ಒತ್ತಿ, ಎಡಗೈಯನ್ನೂ ಕೂಡಿಸಿ, ಮೈಯೆಲ್ಲ ಹಾಕಿ ತಿರುಗಿಸುತ್ತಿದ್ದರು. ಗಾಡಿ ದೊಡ್ಡ ಸುತ್ತು ಹೊಡೆದು ಆಚೆ ಬದಿಗೆ ಹೋಗಿ ಬರುತ್ತಿತ್ತು. ವಿಕ್ರೋಳಿ ತಲುಪಿದ ಮೇಲೆ ಐದು ನಿಮಿಷ ಕೂತಲ್ಲೇ ಕೂತು ಭುಜ ತಿಕ್ಕಿಕೊಳ್ಳುತ್ತಿದ್ದರು. ಎಣ್ಣೆ ಹಾಕಿಸಿ ತಿಕ್ಕಿಸಿದರು, ಬಿಸಿ ಇಟ್ಟಿಗೆಯ ಶಾಖ ಕೊಡಿಸಿದರು. ಏನೂ ಆಗಲಿಲ್ಲ.

"ಈ ಗಾಡಿಗೆ ಎಂತದೋ ಆಗಿದೆ ಮಾರಾಯ್ರೆ. ತಿರುಗುದೇ ಇಲ್ಲ. ಸ್ವಲ್ಪ ನೋಡಿ" ಎಂದು ಒಂದು ದಿನ ನನಗೆ ಹೇಳಿದರು.

ಇಂಜಿನಿಯರ್ ರಾಯರು ನೋಡಿದರು. ಬಾನೆಟ್ ಎತ್ತಿ ನೋಡಿದೆ, ಅಡಿಗೆ ನುಸುಳಿ ಸ್ಟಿಯರಿಂಗಿನ ಕಡ್ಡಿ, ಕೀಲು ಎಲ್ಲ ಮುಟ್ಟಿ ನೋಡಿದೆ, ಗ್ರೀಸ್ ಹಚ್ಚಿದೆ. ಗಾಲಿ ನನ್ನ ಮೂಗಿನ ಪಕ್ಕದಲ್ಲೇ ಇತ್ತು. ಎಲ್ಲ ಸರಿಯಿದೆ ಎಂದು ತೀರ್ಮಾನ ಕೊಟ್ಟೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ನಾನು ಅಡಿಗೆಮನೆಯಿಂದ ತರಕಾರಿ ತೂಗುವ ಕೊಕ್ಕೆಯ ತಕ್ಕಡಿ ತರಿಸಿದೆ. ಸ್ಪ್ರಿಂಗಿನದು, ಎಳೆದಷ್ಟು ಮುಳ್ಳು ತಿರುಗುತ್ತದೆ. ನಿಂತ ಕಾರಿನ ಸ್ಟಿಯರಿಂಗಿಗೆ ಹಗ್ಗ ಕಟ್ಟಿ, ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆದು, ಎಷ್ಟು ಬಲಕ್ಕೆ ಅದು ತಿರುಗುತ್ತದೆಂದು ಗುರುತು ಹಾಕಿಕೊಂಡೆ. ಆಮೇಲೆ ತಕ್ಕಡಿಯನ್ನು ಹೋಟೆಲಿನ ಹಿಂದಿನ ಕಿಟಕಿಯ ಸರಳಿಗೆ ಕಟ್ಟಿ, ಅಣ್ಣನನ್ನು ಕರೆದು, ಬಲಗೈಯಿಂದ ಎಳೆಯಿರಿ ಎಂದೆ. ಕಿಟಕಿ ಇದ್ದದ್ದು ಭುಜದ ಮಟ್ಟಕ್ಕೆ. ಅಡಿಗೆಯವರೆಲ್ಲ ಕೈ ಒರೆಸಿಕೊಂಡು ಬಂದು ನಿಂತರು.

ಅಣ್ಣ ಎಳೆದರು. ಮುಳ್ಳು ನನ್ನ ಗುರುತಿಗಿಂತ ಬಹಳ ಹಿಂದೆಯೇ ನಿಂತಿತು. ಇನ್ನೊಮ್ಮೆ ಎಳೆದರು. ಕುತ್ತಿಗೆಯ ನರ ಉಬ್ಬಿತು, ಮುಳ್ಳು ಅಲ್ಲೇ ನಿಂತಿತು.

"ನೋಡಿ ಅಣ್ಣ. ಕಾರಿನಲ್ಲಿ ಏನೂ ತೊಂದ್ರೆ ಇಲ್ಲ. ತೋಳಿನ ಬಲ ಸಾಲ್ತಾ ಇಲ್ಲ, ಅಷ್ಟೆ" ಎಂದೆ. ಎಲ್ಲರ ಮುಂದೆ ಎಂದೆ.

ಅವರು ಮುಳ್ಳನ್ನು ನೋಡಿದರು, ಆಮೇಲೆ ತಮ್ಮ ಕೈಯನ್ನು. "ಹೌದಲ್ಲ. ಕುಣಿಯಲಿಕ್ಕೆ ಬಾರದವಳು ಅಂಗಳ ಡೊಂಕು ಅಂದ್ಲಂತೆ. ನಾನು ಸುಮ್ಮನೆ ಗಾಡಿಗೆ ಬೈತಿದ್ದೆ" ಎಂದು ನಕ್ಕರು. ನಕ್ಕದ್ದು ಬಾಯಿ ಮಾತ್ರ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ. ಆದರೆ ಆಗ ನಾನು ಬರೆ ಹಾಕುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ನನಗೆ ಕನಿಕರವೇ ಉಕ್ಕಿತು. "ಬೇಜಾರ್ ಮಾಡ್ಕೋಬೇಡಿ ಅಣ್ಣ. ಇದಕ್ಕೆ ಅಮೆರಿಕಾದಲ್ಲಿ ಮದ್ದು ಕಂಡುಹಿಡಿದಿದ್ದಾರೆ" ಎಂದೆ.

ಮದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಬೆಳಗಿನ ಕಾಫಿಗೆ ಬರುತ್ತಿದ್ದ ಹತ್ತಿ ವ್ಯಾಪಾರಿಯೊಬ್ಬರ ಬಳಿ ದೋಣಿಯಷ್ಟು ಉದ್ದದ ಅಮೆರಿಕದ ಕಾರಿತ್ತು. ಅವರ ಡ್ರೈವರ್ ನನ್ನನ್ನು ಒಳಗೆ ಕೂರಿಸಿ, ಇಂಜಿನ್ ಓಡುತ್ತಿರುವಾಗ ಒಂದೇ ಬೆರಳಿನಲ್ಲಿ ಸ್ಟಿಯರಿಂಗ್ ತಿರುಗಿಸಿ ತೋರಿಸಿದ್ದ. ಫೋರ್ಟಿನ ಫುಟ್‌ಪಾತಿನಲ್ಲಿ ಕೊಂಡ ಹಳೆಯ ಅಮೆರಿಕನ್ ಪತ್ರಿಕೆಯೊಂದರಲ್ಲಿ ಅದರ ಚಿತ್ರವೂ ಸಿಕ್ಕಿತು. ಇಂಜಿನ್ನಿನಿಂದ ಒಂದು ಪಂಪು ಓಡುತ್ತದೆ, ಪಂಪು ಎಣ್ಣೆಯನ್ನು ಒತ್ತುತ್ತದೆ, ಎಣ್ಣೆ ಗಾಲಿಯನ್ನು ತಳ್ಳುತ್ತದೆ, ಮನುಷ್ಯ ಬರೀ ದಾರಿ ತೋರಿಸಿದರೆ ಸಾಕು. ನಮ್ಮ ಕಾರ್ಖಾನೆಯ ಗುಜರಿಯಲ್ಲಿ ಹಳೆಯ ಪ್ರೆಸ್ಸಿನ ಎಣ್ಣೆ ಪಂಪೊಂದು ಬಿದ್ದಿತ್ತು. ಇನ್ನೇನು ಬೇಕು? ಮೂರು ವಾರ ಕೂತು ಟ್ರೇಸಿಂಗ್ ಕಾಗದದ ಮೇಲೆ ಇಂಡಿಯನ್ ಇಂಕಿನಲ್ಲಿ ಎಳೆದೆ. ಮೂರು ಕಡೆಯ ನೋಟ, ಒಂದು ಅಡ್ಡ ಸೀಳಿದ ನೋಟ. ಇಂದಿಗೂ ಹೇಳುತ್ತೇನೆ, ಗೆರೆ ಬಹಳ ಚೆನ್ನಾಗಿತ್ತು.

ಅಣ್ಣ ದಿನಾ ಬೆಳಿಗ್ಗೆ ಕಾರು ಹತ್ತುವಾಗ ಕೇಳುತ್ತಿದ್ದರು: "ಎಲ್ಲಿಗೆ ಬಂತು ರಾಯ್ರೆ ನಿಮ್ಮದು?"

"ಆಗ್ತಾ ಇದೆ ಅಣ್ಣ. ಇನ್ನೊಂದು ವಾರ."

"ಕೂಡಿಸಿದ್ರೆ ಈ ಕೈಯಲ್ಲಿ ಇನ್ನು ಎಷ್ಟು ವರ್ಷ ಓಡಿಸ್ಬಹುದು?"

"ಹತ್ತು ವರ್ಷ" ಎಂದೆ, ಧಾರಾಳವಾಗಿ. ಅವರ ಮುಖ ಅರಳಿತು. ಆ ಮುಖ ನೋಡಿ ನನಗೂ ನಾನೇ ದೊಡ್ಡ ಮನುಷ್ಯ ಅನ್ನಿಸಿತು.

ಅಷ್ಟರಲ್ಲಿ ಸಯನ್ ತಿರುವಿನಲ್ಲಿ ಒಂದು ಬೆಳಿಗ್ಗೆ ಕಾರು ತಿರುಗಲೇ ಇಲ್ಲ. ಎದುರಿಗೆ ಕೈಗಾಡಿಯೊಂದರಲ್ಲಿ ಕಬ್ಬಿಣದ ಸರಳು ಹೇರಿಕೊಂಡು ಇಬ್ಬರು ಬರುತ್ತಿದ್ದರು. ಅಣ್ಣ ಬ್ರೇಕು ತುಳಿದರು. ಸರಳಿನ ತುದಿ ನಮ್ಮ ಗಾಜಿನಿಂದ ಒಂದು ಗೇಣು ಆಚೆ ನಿಂತಿತು. ಕೈಗಾಡಿಯವರು ಮರಾಠಿಯಲ್ಲಿ ಅವರ ವಂಶವನ್ನೆಲ್ಲ ಬೈದು ಹೋದರು. ಎರಡು ದಿನ ಬಿಟ್ಟು ಬೊರಿವಲಿಯ ಬಟ್ಟೆ ಅಂಗಡಿಯವರೊಬ್ಬರು ಕೊಳ್ಳಲೆಂದು ಕಾರು ನೋಡಲು ಬಂದರು. ಅಣ್ಣ ಅವರಿಗೆ ಹೇಳಿದ ಮಾತು ನನ್ನೆದುರಿಗೇ ಆಯಿತು: ಭಾನುವಾರ ಹತ್ತರೊಳಗೆ ಕಾರು ನಿಮ್ಮ ಬಾಗಿಲಿಗೆ ಬಂದರೆ ನಿಮ್ಮದು, ಬಾರದಿದ್ದರೆ ಕೊಡುವುದಿಲ್ಲ ಎಂದೇ ತಿಳಿಯಿರಿ, ಬೇಸರ ಬೇಡ. ಅವರು ಒಪ್ಪಿ ಹೋದ ಮೇಲೆ ಅಣ್ಣ ನನ್ನತ್ತ ತಿರುಗಿದರು.

"ಶನಿವಾರದೊಳಗೆ ನಿಮ್ಮ ಪಂಪ್ ಆಗ್ತದೆ ಅಂತ ಒಬ್ಬ ಮೆಕ್ಯಾನಿಕ್ ಹೇಳ್ಲಿ ರಾಯ್ರೆ. ಹೇಳಿದ್ರೆ ಸಾಕು, ನಾನು ಕೊಡುದಿಲ್ಲ. ಕೈಗಾಡಿಯವರನ್ನು ಕೊಂದು ನಾನು ಇಡ್ಲಿ ಮಾರ್ಲಿಕ್ಕೆ ಹೋಗುದಿಲ್ಲ."

ಶನಿವಾರ ಅರ್ಧ ದಿನದ ಕೆಲಸ ಮುಗಿಸಿ, ನಕ್ಷೆ ಸುರುಳಿ ಸುತ್ತಿಕೊಂಡು, ಗ್ರಾಂಟ್ ರೋಡಿನ ಸೇತುವೆಯ ಹತ್ತಿರದ ಒಂದು ಗ್ಯಾರೇಜಿಗೆ ಹೋದೆ. ಮಾಲೀಕರು ವಯಸ್ಸಾದ ಪಾರ್ಸಿ. ಚಹಾ ಬಸಿಗೆ ಬಗ್ಗಿಸಿಕೊಂಡು ಕುಡಿಯುತ್ತ ನಕ್ಷೆ ನೋಡಿದರು. ಬಹಳ ಹೊತ್ತು, ಮರ್ಯಾದೆಯಿಂದಲೇ ನೋಡಿದರು. ಆಮೇಲೆ ಹಿಂದಿಯಲ್ಲಿ, ಈ ಪಂಪು ತಿರುಗಿಸಲು ಇನ್ನೊಂದು ಇಂಜಿನ್ ಬೇಕು, ಆ ಇಂಜಿನ್ ಹೊರಲು ಇನ್ನೊಂದು ಕಾರು ಬೇಕು ಎಂದರು. ನಾನು ವಾದ ಹೂಡಿದೆ. ಅವರು ಕೈಯೆತ್ತಿ ತಡೆದು ಕೇಳಿದರು: ಈ ಕಾರಿನ ಸ್ಟಿಯರಿಂಗು ಬೆಣ್ಣೆಯಂಥದು, ನಮ್ಮ ಮನೆಯ ಹೆಂಗಸರು ಹೊಲಿಗೆ ಯಂತ್ರದ ಹಾಗೆ ತಿರುಗಿಸುತ್ತಿದ್ದರು, ಅದು ಗಟ್ಟಿಯಾದದ್ದಾದರೂ ಹೇಗೆ?

ನನ್ನ ಜೊತೆ ಪೆಟ್ರೋಲ್ ಪಂಪಿನ ತನಕ ನಡೆದು ಬಂದರು. ಬಾನೆಟ್ ಎತ್ತಲಿಲ್ಲ, ಬಗ್ಗಿಯೂ ನೋಡಲಿಲ್ಲ. ದೂರದಿಂದಲೇ ಕಂಡಿರಬೇಕು. ಬೂಟಿನ ತುದಿಯಿಂದ ಮುಂದಿನ ಗಾಲಿಯನ್ನು ಒತ್ತಿದರು. ಅದು ನೆನೆಸಿದ ಅವಲಕ್ಕಿಯ ಹಾಗೆ ಒಳಗೆ ಹೋಯಿತು.

"ಹವಾ ಕಿಧರ್ ಹೈ?" ಗಾಳಿ ಎಲ್ಲಿ ಎಂದು ಭಯ್ಯಾನನ್ನು ಕೇಳಿದರು.

"ಮುಂದಿನದಕ್ಕೆ ತುಂಬಬೇಡ ಅಂತ ಈ ಸಾಹೇಬರೇ ಹೇಳಿದ್ದು" ಎಂದು ಭಯ್ಯಾ ನನ್ನತ್ತ ಬೆರಳು ಮಾಡಿದ. ಅವನದೇನು ತಪ್ಪು?

ಪಾರ್ಸಿ ಮುದುಕರು ನನ್ನನ್ನು ನೋಡಿದರು, ನನ್ನ ಕಂಕುಳಲ್ಲಿದ್ದ ನಕ್ಷೆಯನ್ನು ನೋಡಿದರು, ಹೊರಟುಹೋದರು. ಭಯ್ಯಾ ಗಾಳಿ ತುಂಬಿದ. ನಾನು ಒಳಗೆ ಕೂತು ಸ್ಟಿಯರಿಂಗಿಗೆ ಕೈ ಹಚ್ಚಿದೆ. ತಿರುಗಿತು. ನಿಂತ ಕಾರಿನಲ್ಲೇ ತಿರುಗಿತು. ಎರಡು ತಿಂಗಳಿನಿಂದ ಆ ಮನುಷ್ಯ ನೋಯುವ ಭುಜದಲ್ಲಿ ಎಳೆದಾಡುತ್ತಿದ್ದದ್ದು ನನ್ನ ಪ್ಯಾಂಟಿನ ಬಿಳುಪನ್ನು. ನನಗೆ ನಾಚಿಕೆಯಾಯಿತು ಎಂದರೆ ಸಾಲದು.

ಆಗಲೇ ರಸ್ತೆ ದಾಟಿ ಹೋಗಿ ಹೇಳಬೇಕಿತ್ತು. ಮೂವತ್ತು ಹೆಜ್ಜೆ ದೂರ. ಹೋಟೆಲಿನಲ್ಲಿ ಶನಿವಾರದ ಸಂಜೆಯ ಗದ್ದಲ. ಅಣ್ಣ ಗಲ್ಲಾದಲ್ಲಿ ಕೂತಿದ್ದವರು ನನ್ನನ್ನು ಕಂಡದ್ದೇ ಎದ್ದು ನಿಂತರು.

"ಎಂತ ಹೇಳಿದ್ರು ರಾಯ್ರೆ?"

"ಆಗಲ್ವಂತೆ ಅಣ್ಣ. ಈ ಕಾರಿಗೆ ಆ ಪಂಪು ಮೂಗಿಗಿಂತ ಮೂಗುತಿ ಭಾರ ಆಗುತ್ತಂತೆ."

"ಹೌದಾ" ಎಂದರು. "ಆಯ್ತು ಬಿಡಿ. ನೀವಾದ್ರೂ ಎಷ್ಟು ಅಂತ ಮಾಡ್ತೀರಿ? ಕಾಫಿ ಕುಡೀರಿ" ಎಂದು ಕೂತರು.

ಕಾಫಿ ಬಂತು, ಕುಡಿದೆ. ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಐವತ್ತು ವರ್ಷದಿಂದ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಬೇರೆ ಬೇರೆ ವಯಸ್ಸಿನಲ್ಲಿ ಬೇರೆ ಬೇರೆ ಸಬೂಬು ಕೊಟ್ಟುಕೊಂಡಿದ್ದೇನೆ. ನಿಜ ಇಷ್ಟೇ: 'ನಮ್ಮ ಇಂಜಿನಿಯರ್ ರಾಯರು' ಎಂಬ ಮಾತನ್ನು ಕಳೆದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಇನ್ನೊಂದು ಹೇಡಿ ಯೋಚನೆಯೂ ಇತ್ತು. ನಾಳೆ ಅವರೇ ಓಡಿಸುತ್ತಾರಲ್ಲ, ಹಗುರವಾದದ್ದು ಅವರಿಗೇ ತಿಳಿಯುತ್ತದೆ, ತಾವಾಗಿಯೇ ಕಾರು ತಿರುಗಿಸಿಕೊಂಡು ಬರುತ್ತಾರೆ, ನಾನು ಬಾಯಿ ಬಿಡುವ ಪ್ರಮೇಯವೇ ಇಲ್ಲ.

ಭಾನುವಾರ ಬೆಳಿಗ್ಗೆ ಕಾರಿಗೆ ಕುಂಕುಮ ಹಚ್ಚಿ ಹೊರಟರು. ನನ್ನನ್ನೂ ಕರೆದರು. ಕೊಳಗವಿಲ್ಲದೆ ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಮಾಹಿಮ್ ದಾಟಿದೆವು, ಬಾಂದ್ರಾ ದಾಟಿದೆವು. ಅಣ್ಣನ ಬೆನ್ನು ಸೀಟಿಗೆ ಒರಗಿತ್ತು. ಅಂಗೈ ಬಳೆಯ ಮೇಲೆ ಹಗುರವಾಗಿ ಕೂತಿತ್ತು. ಅಂಧೇರಿಯಲ್ಲಿ ಒಂದು ಎತ್ತಿನ ಗಾಡಿಯನ್ನು ಬಳಸಿ ದಾಟುವಾಗ ಒಂದೇ ಕೈಯಲ್ಲಿ ತಿರುಗಿಸಿದರು. ಆಮೇಲೆ ಗಾಡಿ ನಿಧಾನ ಮಾಡಿ ನನ್ನ ಕಡೆ ನೋಡಿದರು.

"ಎಂತ ರಾಯ್ರೆ, ಇವತ್ತು ಇದು ಇಷ್ಟು ಹಗುರ ಉಂಟಲ್ಲ?"

ದೇವರು ಅಷ್ಟು ಸ್ಪಷ್ಟವಾಗಿ ಬಾಗಿಲು ತೆರೆದು ನಿಂತದ್ದು ನನ್ನ ಜೀವನದಲ್ಲಿ ಇನ್ನೊಮ್ಮೆ ಇಲ್ಲ.

"ಕೊಳಗ ಇಲ್ವಲ್ಲ ಅಣ್ಣ, ಅದಕ್ಕೆ" ಎಂದೆ.

ಅವರು ತಲೆಯಾಡಿಸಿದರು. "ಹೌದು. ದನ ಮಾರುವ ದಿವಸವೇ ಹೆಚ್ಚು ಹಾಲು ಕೊಡುದು" ಎಂದರು. ಅಲ್ಲಿಂದ ಮುಂದಕ್ಕೆ ಗೋರೆಗಾಂವ್, ಮಲಾಡ್, ಕಾಂದಿವಲಿ, 'ಎಷ್ಟು ಚಂದ ಹೋಗ್ತದೆ ನೋಡಿ' ಎಂದು ಎರಡು ಸಲ ಹೇಳಿದರು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಹತ್ತಕ್ಕೆ ಇಪ್ಪತ್ತು ನಿಮಿಷ ಇರುವಾಗ ಬಟ್ಟೆ ಅಂಗಡಿಯವರ ಬಾಗಿಲಿನಲ್ಲಿ ಕಾರು ನಿಂತಿತು. ಅಣ್ಣ ಕೀಲಿ ಕೊಟ್ಟರು. ಅವರ ಮನೆಯವರು ಬೆಲ್ಲ ನೀರು ಕೊಟ್ಟರು. ಹೊರಡುವಾಗ ಅಣ್ಣ ಒಳಗೆ ಕೈ ಹಾಕಿ ಸ್ಟಿಯರಿಂಗಿನ ಬಳೆಯನ್ನು ಒಮ್ಮೆ ಒರೆಸಿ ಬಂದರು.

ಬೊರಿವಲಿ ಸ್ಟೇಷನ್ನಿನಿಂದ ಹೊರಡುವ ಲೋಕಲ್, ಭಾನುವಾರ ಬೇರೆ. ಕೂರಲು ಜಾಗ ಸಿಕ್ಕಿತು. ನನಗೆ ಇನ್ನು ತಡೆಯಲಾಗಲಿಲ್ಲ. ಗಾಡಿ ಬಿಡುವುದರೊಳಗೆ ಎಲ್ಲ ಹೇಳಿದೆ: ಪ್ಯಾಂಟು, ಭಯ್ಯಾ, ಗಾಳಿ, ಪಾರ್ಸಿ ಮುದುಕರ ಬೂಟು, ಶನಿವಾರದ ಕಾಫಿ, ಅಂಧೇರಿಯ ಸುಳ್ಳು. ಹೇಳುತ್ತ ಹೇಳುತ್ತ ಅತ್ತೆ. ಎದುರು ಸೀಟಿನ ಮರಾಠಿ ಹೆಂಗಸೊಬ್ಬಳು ಊರಿನಿಂದ ಸಾವಿನ ಸುದ್ದಿ ಬಂದಿದೆ ಎಂದುಕೊಂಡಿರಬೇಕು, ತನ್ನ ಮಗುವನ್ನು ಹತ್ತಿರ ಎಳೆದುಕೊಂಡಳು.

ಅಣ್ಣ ಪೂರ್ತಿ ಕೇಳಿಸಿಕೊಂಡರು. ಕಾಂದಿವಲಿ ಬಂತು, ಮಲಾಡ್ ಬಂತು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ನಿನ್ನೆ ಹೇಳಿದ್ರೆ ನಾನು ಹೋಗ್ತಿರ್ಲಿಲ್ಲ. ಅಂಧೇರಿಯಲ್ಲಿ ಹೇಳಿದ್ರೂ ಹಿಂದೆ ಬರ್ತಿದ್ದೆ" ಎಂದರು.

"ತಪ್ಪಾಯ್ತು ಅಣ್ಣ. ಹೋಗಿ ಕೇಳೋಣ, ವಾಪಸ್ ಕೊಡ್ತಾರೆ."

"ಕೀಲಿ ಕೊಟ್ಟಾಯ್ತು. ಅದು ಆಗುದಿಲ್ಲ." ಆಮೇಲೆ ಬಲಗೈಯನ್ನು ಎಡಗೈಯಿಂದ ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು, ಮಲಗಿದ ಮಗುವಿನ ಕೈ ಸರಿಸಿದ ಹಾಗೆ.

"ಕಾರು ಹೋಗ್ಲಿ ರಾಯ್ರೆ, ಕಬ್ಬಿಣ. ಎರಡು ತಿಂಗಳು ನಾನು ಈ ಕೈಗೆ ಬೈದೆ. ಹಾಳಾದ ಕೈ ಅಂದೆ, ಸಾಯ್ಲಿ ಅಂದೆ. ಅದು ನನಗೆ ಹೇಳ್ತಿತ್ತು, ನನ್ನದೇನಿಲ್ಲ, ಗಾಡಿಯಲ್ಲಿ ಎಂತದೋ ಉಂಟು ಅಂತ. ನಾನು ಕೇಳ್ಲಿಲ್ಲ. ನೀವು ಓದಿದವರು ಹೇಳಿದ್ರಿ ಅಂತ ನಂಬಿದೆ. ಅಂಗಳವೇ ಡೊಂಕು ಇತ್ತು."

ಗ್ರಾಂಟ್ ರೋಡಿನಲ್ಲಿ ಇಳಿದೆವು.

ಹೋಟೆಲಿಗೆ ಕಾಲಿಟ್ಟ ಕೂಡಲೇ ಅಡಿಗೆಯ ಮುಖ್ಯಸ್ಥ ಬಂದು, "ಧಣಿ, ಕೊಟ್ಟೇ ಬಿಟ್ರಾ? ಈ ರಾಯರು ಎಂತದೋ ಮಾಡಿಕೊಡ್ತಾರೆ ಅಂದಿದ್ರಿ" ಎಂದ. ತಕ್ಕಡಿಯ ದಿನ ಕಿಟಕಿಯ ಬಳಿ ನಿಂತಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಈಗ ಹೇಳುತ್ತಾರೆ, ಹೇಳಲಿ ಎಂದು ತಲೆ ತಗ್ಗಿಸಿ ನಿಂತೆ.

"ರಾಯರು ಎಂತ ಮಾಡ್ಲಿಕ್ಕುಂಟು ಮಾರಾಯ? ನನ್ನ ಕೈ ಕೇಳುದಿಲ್ಲ" ಎಂದು ಅಣ್ಣ ಗಲ್ಲಾದಲ್ಲಿ ಹೋಗಿ ಕೂತರು. ನನ್ನ ಕಡೆ ನೋಡಲಿಲ್ಲ.

ಸೋಮವಾರ ಕಾರ್ಖಾನೆಯವರು ಕಾಯುತ್ತಾರೆ. ಇಡ್ಲಿಯ ಡಬ್ಬ ಹೊತ್ತ ಇಬ್ಬರು ಕೆಲಸದವರನ್ನು ಮೊದಲ ಲೋಕಲಿಗೇ ಮುಂದೆ ಕಳಿಸಿದ್ದರು. ಕೊಳಗದ ಹತ್ತಿರ ಅಣ್ಣ ನಿಂತಿದ್ದರು. ನಾನು ಹೋಗಿ ಒಂದು ಕಡೆಯ ಹಿಡಿಕೆ ಹಿಡಿದೆ. ಅವರು ಬಗ್ಗಿ ಇನ್ನೊಂದು ಕಡೆಯದನ್ನು ಬಲಗೈಯಲ್ಲಿ ಹಿಡಿದರು.

"ಅಣ್ಣ, ಈ ಕಡೆ ಬನ್ನಿ. ಎಡಗೈಯಲ್ಲಿ ಹಿಡಿಬಹುದು" ಎಂದೆ.

"ಯಾಕೆ, ತಕ್ಕಡಿ ತರ್ಬೇಕಾ?" ಎಂದರು.

ಎತ್ತಿದೆವು. ಗ್ರಾಂಟ್ ರೋಡಿನಲ್ಲಿ ಲೋಕಲಿನ ಸಾಮಾನು ಸಾಗಿಸುವ ಡಬ್ಬಿ ಹತ್ತಿ, ದಾದರಿನಲ್ಲಿ ಇಳಿದು, ಸೇತುವೆ ಏರಿ ಆಚೆ ಲೈನಿನ ಗಾಡಿ ಹಿಡಿಯಬೇಕು. ಜನ ನುಗ್ಗುತ್ತಿದ್ದರು. ಸಾಂಬಾರ್ ನನ್ನ ಪ್ಯಾಂಟಿನ ಮೇಲೆ ಚೆಲ್ಲುತ್ತಿತ್ತು, ಚೆಲ್ಲಲಿ ಎಂದು ಬಿಟ್ಟೆ. ಸೇತುವೆ ದಾಟುವುದರೊಳಗೆ ನಾನು ಮೂರು ಸಲ ಕೊಳಗ ಕೆಳಗಿಡಿಸಿ, ಬದಿ ಬದಲಿಸಿ, ಕೈ ಬದಲಿಸಿದೆ. ನಾನು ಈ ಬದಿಗೆ ಬಂದಾಗಲೆಲ್ಲ ಅವರು ಆ ಬದಿಗೆ ಹೋಗಿ, ತಿರುಗಿ ನಿಂತು, ಹಿಮ್ಮುಖವಾಗಿ ನಡೆಯಬೇಕಾದರೂ ಬಲಗೈಯಲ್ಲೇ ಹಿಡಿದರು.

ಕ್ಯಾಂಟೀನ್ ಕಟ್ಟಿ ಮುಗಿಯುವ ತನಕ, ಏಳು ತಿಂಗಳು, ನಾವಿಬ್ಬರೂ ಆ ಕೊಳಗವನ್ನು ಹಾಗೆ ಹೊತ್ತೆವು. ಅವರು ಒಂದು ದಿನವೂ ಕೈ ಬದಲಿಸಲಿಲ್ಲ.